ಮೊದಲ ಸಲ ಸಭೆಯೆದುರಿಗೆ ಹಾಡುವವರಿಗೆ

ಹಾಡು ಬಲ್ಲವರು ಬಹಳ ಜನರಿದ್ದಾರೆ. ನಾಲ್ವರ ಎದುರಿಗೆ ಹಾಡಬಲ್ಲವರು ಕೆಲವರೇ. ಅಡಿಗೆಯ ಮನೆಯಲ್ಲಿ, ಹೊಲದ ಬದುವಿನ ಮೇಲೆ, ತೊಟ್ಟಿಲ ಬಳಿಯಲ್ಲಿ ನಿರಾಯಾಸವಾಗಿ ಹೊರಡುವ ಕಂಠವು ಧ್ವನಿವರ್ಧಕದ ಮುಂದೆ ನಿಂತೊಡನೆ ಏಕೆ ಒಣಗಿ ಹೋಗುತ್ತದೆ? ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ನಮಗೆ ತಿಳಿದಮಟ್ಟಿಗೆ ವಿವರಿಸುವದೇ ಈ ಲೇಖನದ ಉದ್ದೇಶವಾಗಿದೆ. ಶಾಲೆಯ ಸ್ನೇಹಸಮ್ಮೇಲನದಲ್ಲಿಯೋ ಗಣೇಶೋತ್ಸವದ ಮಂಟಪದಲ್ಲಿಯೋ ಈ ವರ್ಷ ಮೊದಲ ಸಲ ಹಾಡಬೇಕೆಂದಿರುವ ನಮ್ಮ ವಿದ್ಯಾರ್ಥಿಗಳನ್ನೂ ಅವರ ಪಾಲಕರನ್ನೂ ಮನಸ್ಸಿನಲ್ಲಿರಿಸಿಕೊಂಡು ಇದನ್ನು ಬರೆಯುತ್ತಿದ್ದೇವೆ.

ಬಂದವರೆಲ್ಲರಿಗೂ ತೆರೆದಿರುವ ವೇದಿಕೆಯೆಂಬುದು ಹೊಸ ಕಲ್ಪನೆಯೇನೂ ಅಲ್ಲ. ಇಂದು ದೊಡ್ಡ ಪಟ್ಟಣಗಳಲ್ಲಿ ‘ಓಪನ್ ಮೈಕ್’ ಎಂಬ ಹೆಸರಿನಿಂದ ತರುಣರು ನಡೆಸುವ ಕೂಟಗಳಲ್ಲಿ ಯಾರು ಬೇಕಾದರೂ ಹೆಸರು ಬರೆಯಿಸಿ, ತಮ್ಮ ಸರದಿ ಬಂದಾಗ ಒಂದೋ ಎರಡೋ ಹಾಡು ಹೇಳಿ ಇಳಿಯಬಹುದು. ಅಮೆರಿಕದ ನ್ಯೂಯಾರ್ಕ್ ನಗರದ ಗ್ರೀನ್‌ವಿಚ್ ವಿಲೇಜ್ ಎಂಬ ಭಾಗದ ಕಾಫಿ ಅಂಗಡಿಗಳಲ್ಲಿ 1960ರ ಸುಮಾರಿಗೆ ಇಂತಹ ಕೂಟಗಳು ಬಹು ಪ್ರಸಿದ್ಧವಾಗಿದ್ದವು. 1961ರ ಜನವರಿಯಲ್ಲಿ ಆ ನಗರಕ್ಕೆ ಬಂದ ಬಾಬ್ ಡಿಲನ್ ಎಂಬ ಇಪ್ಪತ್ತು ತುಂಬದ ಯುವಕನು ಇಂಥ ಅಂಗಡಿಗಳಲ್ಲಿ ಹಾಡಿಯೇ ಮೊದಲು ಕೇಳುಗರಿಗೆ ಪರಿಚಿತನಾದನು. ಮುಂದೆ 2016ರಲ್ಲಿ ಅವನಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕವೇ ದೊರೆಯಿತು. ಆದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತಗಳ ಸೀಮೆಯಲ್ಲಿ ಸೋಮವಾರದ ಭಜನೆಯ ಕಟ್ಟೆ ಇದಕ್ಕಿಂತ ಎಷ್ಟೋ ಹಳೆಯದು. ಅಲ್ಲಿ ಏಕತಾರಿ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬರು ಶರೀಫ ಸಾಹೇಬರ ತತ್ತ್ವಪದ ಹೇಳಿದರೆ ಇನ್ನೊಬ್ಬರು ಪಂಢರಪುರದ ಅಭಂಗ ಹೇಳುತ್ತಾರೆ. ಪದ ಮರೆತವನಿಗೆ ಪಕ್ಕದವನು ಸಾಲು ಎತ್ತಿಕೊಡುತ್ತಾನೆ. ಮೊದಲ ಸಲ ಹಾಡುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ದೊರೆಯಲಾರದು.

ಹಾಗಿದ್ದರೂ ಭಯವು ತಪ್ಪದು. ಅದು ಹೇಡಿತನವಲ್ಲ, ಶರೀರದ ಧರ್ಮವೆಂಬುದನ್ನು ಮೊದಲು ತಿಳಿಯಬೇಕು. ಅಪಾಯವನ್ನು ಕಂಡಾಗ ಮೂತ್ರಪಿಂಡಗಳ ಮೇಲಿರುವ ಎರಡು ಚಿಕ್ಕ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತದಲ್ಲಿ ಬಿಡುತ್ತವೆ. ಓಡುವದಕ್ಕೋ ಹೋರಾಡುವದಕ್ಕೋ ಶರೀರವನ್ನು ಸಜ್ಜುಗೊಳಿಸುವದು ಅದರ ಕೆಲಸ. ಆಗ ಎದೆ ಬಡಿದುಕೊಳ್ಳುತ್ತದೆ, ಉಸಿರು ಮೇಲುಮೇಲಕ್ಕೆ ಆಡುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಎದುರಿಗೆ ಕುಳಿತವರು ನೆರೆಹೊರೆಯವರೇ ಆಗಿದ್ದರೂ, ನೂರು ಕಣ್ಣುಗಳು ಒಮ್ಮೆಲೆ ತನ್ನ ಕಡೆಗೆ ತಿರುಗಿದಾಗ ಶರೀರವು ಅದನ್ನು ಅಪಾಯವೆಂದೇ ಎಣಿಸುತ್ತದೆ. ಓಡುವವನಿಗೆ ಈ ಸಿದ್ಧತೆಯಿಂದ ಲಾಭವುಂಟು, ಹಾಡುವವನಿಗಾದರೋ ನಷ್ಟವೇ. ದೀರ್ಘವಾದ ಉಸಿರಿಲ್ಲದೆ ಸ್ವರ ನಿಲ್ಲುವದಿಲ್ಲ. ಕೊರಳಿನ ಸ್ನಾಯುಗಳು ಬಿಗಿದರೆ ಮೇಲಿನ ಸ್ವರಗಳು ಒಡೆಯುತ್ತವೆ. ಎದೆಯ ಬಡಿತ ಹೆಚ್ಚಿದಂತೆ ಲಯವೂ ತಿಳಿಯದೆಯೇ ಓಡತೊಡಗುತ್ತದೆ. ಮನೆಯಲ್ಲಿ ಐದು ನಿಮಿಷ ಹಿಡಿಯುವ ಪದವನ್ನು ವೇದಿಕೆಯ ಮೇಲೆ ಮೂರೂವರೆ ನಿಮಿಷದಲ್ಲಿ ಮುಗಿಸಿ ಕುಳಿತವರನ್ನು ನಾವು ನೋಡಿದ್ದೇವೆ.

ಇದಕ್ಕೆ ಉಪಾಯವೂ ಶರೀರದಲ್ಲಿಯೇ ಇದೆ. ಸರದಿ ಬರುವ ಮುಂಚೆ ಐದಾರು ಸಲ ಮೂಗಿನಿಂದ ಉಸಿರನ್ನೆಳೆದು, ಎಳೆದುಕೊಂಡುದಕ್ಕಿಂತ ಇಮ್ಮಡಿ ಕಾಲ ತೆಗೆದುಕೊಂಡು ಮೆಲ್ಲಗೆ ಬಿಡಬೇಕು. ಉಸಿರು ಬಿಡುವಾಗ ಹೃದಯದ ಬಡಿತ ನಿಧಾನವಾಗುವದು ಸಹಜ. ಆದುದರಿಂದ ಬಿಡುವ ಉಸಿರನ್ನು ನೀಳವಾಗಿಸಿದರೆ ಎದೆಯೂ ಸಮಾಧಾನಕ್ಕೆ ಬರುತ್ತದೆ. ತಣ್ಣೀರಿಗಿಂತ ಬೆಚ್ಚಗಿನ ನೀರಿನ ಗುಟುಕು ಹಿತಕರ. ಹಾಡನ್ನು ಆರಂಭಿಸುವಾಗ ಮನಸ್ಸಿಗೆ ಸರಿಯೆಂದು ತೋರಿದ ಗತಿಗಿಂತ ತುಸು ನಿಧಾನವಾಗಿಯೇ ಎತ್ತಿಕೊಳ್ಳಬೇಕು. ಕೇಳುವವರಿಗೆ ಅದೇ ಸರಿಯಾದ ಗತಿಯಾಗಿ ಕೇಳಿಸುತ್ತದೆ.

ಎರಡನೆಯ ವಿಷಯ ಶ್ರುತಿ. ನಮ್ಮ ಅನುಭವದಲ್ಲಿ, ಮೊದಲ ಸಲ ಹಾಡುವವರು ಕೆಡುವದು ಹೆದರಿಕೆಯಿಂದ ಅಷ್ಟಲ್ಲ, ತಪ್ಪು ಪಟ್ಟಿಯಿಂದ. ಪೇಟಿಯ ಕರಿಯ ಮತ್ತು ಬಿಳಿಯ ಪಟ್ಟಿಗಳಲ್ಲಿ ಯಾವುದನ್ನು ಷಡ್ಜವೆಂದು ಹಿಡಿಯಬೇಕೆಂಬುದು ಹಾಡುವವನ ಕಂಠಕ್ಕೆ ಸೇರಿದ ಮಾತು, ಪೇಟಿ ಬಾರಿಸುವವನ ಅನುಕೂಲಕ್ಕೆ ಸೇರಿದುದಲ್ಲ. ಸಾಮಾನ್ಯವಾಗಿ ಗಂಡಸರಿಗೆ ಕರಿ ಒಂದರ ಆಸುಪಾಸು, ಹೆಂಗಸರಿಗೆ ಕರಿ ನಾಲ್ಕು ಅಥವಾ ಐದರ ಆಸುಪಾಸು ಒಗ್ಗುತ್ತದೆ. ಆದರೆ ಇದು ನಿಯಮವಲ್ಲ. ತನ್ನ ಪಟ್ಟಿಯನ್ನು ಹುಡುಕುವ ಬಗೆ ಹೀಗಿದೆ. ಹಾಡಿನಲ್ಲಿ ಬರುವ ಎಲ್ಲಕ್ಕೂ ಕೆಳಗಿನ ಸ್ವರ ಯಾವುದು, ಎಲ್ಲಕ್ಕೂ ಮೇಲಿನ ಸ್ವರ ಯಾವುದು ಎಂಬುದನ್ನು ಮೊದಲು ಗುರುತಿಸಬೇಕು. ಕೆಳಗಿನದು ಗಾಳಿಯಾಗಿ ಹೋಗದೆ ಸ್ಪಷ್ಟವಾಗಿ ಕೇಳಬೇಕು. ಮೇಲಿನದು ಕೊರಳ ನರ ಉಬ್ಬದೆ ಬರಬೇಕು. ಈ ಎರಡೂ ಸಾಧ್ಯವಾಗುವ ಪಟ್ಟಿಯೇ ನಮ್ಮ ಪಟ್ಟಿ. ಅದನ್ನು ಒಂದು ಚೀಟಿಯ ಮೇಲೆ ಬರೆದಿಟ್ಟುಕೊಂಡು, ವೇದಿಕೆಯನ್ನೇರುವ ಎಷ್ಟೋ ಮುಂಚೆ ಪೇಟಿಯವರಿಗೂ ತಬಲಾದವರಿಗೂ ಹೇಳಬೇಕು. ಒಂದು ತಬಲಾವನ್ನು ಎಲ್ಲ ಪಟ್ಟಿಗಳಿಗೂ ಏರಿಸಿ ಇಳಿಸಲು ಬರುವದಿಲ್ಲ. ಕೊನೆಯ ಗಳಿಗೆಯಲ್ಲಿ ಹೇಳಿದರೆ ಪಾಪ, ಅವರಾದರೂ ಏನು ಮಾಡಿಯಾರು? ಪದವು ಎಂಟು ಮಾತ್ರೆಯ ಕೇರವಾದಲ್ಲಿದೆಯೋ ಆರು ಮಾತ್ರೆಯ ದಾದರಾದಲ್ಲಿದೆಯೋ ಎಂಬುದನ್ನೂ ಆಗಲೇ ತಿಳಿಸಬೇಕು.

ಹನ್ನೆರಡರಿಂದ ಹದಿನೈದು ವಯಸ್ಸಿನ ಗಂಡುಹುಡುಗರ ವಿಷಯದಲ್ಲಿ ಪಾಲಕರು ವಿಶೇಷ ಜಾಗ್ರತೆ ವಹಿಸಬೇಕು. ಆಗ ಧ್ವನಿಪೆಟ್ಟಿಗೆ ಬೆಳೆದು ಕಂಠ ಒಡೆಯುವ ಕಾಲ. ಕಳೆದ ವರ್ಷ ಸಲೀಸಾಗಿ ಮುಟ್ಟುತ್ತಿದ್ದ ಸ್ವರವು ಈ ವರ್ಷ ಕೈಗೆ ಸಿಗುವದಿಲ್ಲ. ಹುಡುಗನು ಅಭ್ಯಾಸ ಬಿಟ್ಟನೆಂದು ಗದರಿಸದೆ ಪಟ್ಟಿಯನ್ನು ಇಳಿಸಿಕೊಡಬೇಕು.

ಈ ಮಾತನ್ನು ನಾವು ಪುಸ್ತಕದಿಂದ ಕಲಿತುದಲ್ಲ. ನಮ್ಮ ಹದಿಮೂರನೆಯ ವಯಸ್ಸಿನಲ್ಲಿ ಒಂದು ಶಾಲೆಯ ಸಮಾರಂಭದಲ್ಲಿ ನಾವು ಮೊದಲ ಸಲ ಹಾಡಲು ಕುಳಿತೆವು. ನಮ್ಮ ತಾಯಿಯವರು ಬೀಸುವಾಗ ಹೇಳುತ್ತಿದ್ದ ಪದಗಳಲ್ಲಿ ಒಂದನ್ನು ಆರಿಸಿಕೊಂಡಿದ್ದೆವು. ಪೇಟಿಯವರು ಹಿಂದಿನ ಹುಡುಗಿಗೆ ಹಿಡಿದಿದ್ದ ಪಟ್ಟಿಯನ್ನೇ ನಮಗೂ ಹಿಡಿದರು. ಬೇಡವೆನ್ನುವ ಧೈರ್ಯ ನಮಗಿರಲಿಲ್ಲ. ಎರಡನೆಯ ನುಡಿಯ ಏರಿನಲ್ಲಿ ಕಂಠ ಒಡೆಯಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು; ನಗೆ ಹಿಂದಿನ ಸಾಲುಗಳವರೆಗೂ ಹೋಯಿತು. ನಾವು ಪದವನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದೆವು. ಮನೆಯಲ್ಲಿ ತಾಯಿಯವರು, “ಯಾಕಪ್ಪಾ, ಪೂರಾ ಹೇಳಲಿಲ್ಲಲ್ಲ?” ಎಂದು ಕೇಳಿದರೆ ಹೊರತು ಬೇರೇನೂ ಅನ್ನಲಿಲ್ಲ. ಆ ಮೇಲೆ ಹದಿನಾಲ್ಕು ವರ್ಷ ನಾವು ಯಾರೆದುರಿಗೂ ಬಾಯಿ ತೆರೆಯಲಿಲ್ಲ. ಮನೆಯಲ್ಲಿಯೂ ಹಾಡಲಿಲ್ಲ, ಅವರ ಪದಗಳನ್ನು ಕೇಳಿ ಬರೆದುಕೊಳ್ಳಲೂ ಇಲ್ಲ. ಅವರು ತೀರಿಕೊಂಡ ಮೇಲೆ ಲೆಕ್ಕ ಹಾಕಿ ನೋಡಿದಾಗ, ಅವರಿಗೆ ಬರುತ್ತಿದ್ದ ಅಷ್ಟೊಂದು ಪದಗಳಲ್ಲಿ ನಮ್ಮ ನೆನಪಿನಲ್ಲಿ ಪೂರ್ಣವಾಗಿ ಉಳಿದವು ನಾಲ್ಕು. ಒಂದು ತಪ್ಪು ಪಟ್ಟಿಗೆ ನಾವು ತೆತ್ತ ಬೆಲೆ ಇದು. ಯಾವ ಮಗುವೂ ಈ ಬೆಲೆಯನ್ನು ತೆರಬಾರದೆಂದೇ ಇಷ್ಟು ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಮೂರನೆಯದು ಹಾಡಿನ ಆಯ್ಕೆ. ತನಗೆ ಬರುವ ಹಾಡುಗಳಲ್ಲಿ ಅತ್ಯಂತ ಕಠಿಣವಾದುದನ್ನು ಹಾಡಿ ಮೆಚ್ಚಿಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಅದು ಸಲ್ಲದು. ವೇದಿಕೆಯ ಮೇಲೆ ನಮ್ಮ ಶಕ್ತಿಯ ಒಂದು ಪಾಲನ್ನು ಭಯವು ಕಸಿದುಕೊಳ್ಳುತ್ತದೆ. ಉಳಿದ ಪಾಲಿನಲ್ಲಿ ನಿಭಾಯಿಸಬಲ್ಲ ಹಾಡನ್ನೇ ಆರಿಸಬೇಕು. ನಿನ್ನೆ ಕಲಿತ ಹಾಡಿಗಿಂತ ತಿಂಗಳುಗಟ್ಟಲೆ ನಾಲಿಗೆಯ ಮೇಲೆ ಆಡಿದ ಹಾಡು ಲೇಸು. ಐದು ನಿಮಿಷದ ಅವಧಿ ಕೊಟ್ಟಿದ್ದರೆ ನಾಲ್ಕು ನಿಮಿಷದ ಹಾಡನ್ನು ಸಿದ್ಧಪಡಿಸಬೇಕು. ಕುಳಿತುಕೊಳ್ಳುವದಕ್ಕೆ, ಶ್ರುತಿ ಕೂಡಿಸುವದಕ್ಕೆ ಒಂದು ನಿಮಿಷ ಬೇಕೇ ಬೇಕು. ಪ್ರತಿಯೊಂದು ನುಡಿಯ ಮೊದಲ ಶಬ್ದವನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯನ್ನು ಎದುರಿಗಿಟ್ಟುಕೊಳ್ಳಬಹುದು. ಮರೆಯುವದು ಬಹುತೇಕ ನುಡಿಯ ಆರಂಭವೇ. ಮೊದಲ ಶಬ್ದ ಹೊಳೆದರೆ ಉಳಿದುದು ತಾನೇ ಬರುತ್ತದೆ.

ಅಭ್ಯಾಸವೂ ಸಭೆಯನ್ನು ಹೋಲುತ್ತಿರಬೇಕು. ಕುಳಿತು ಹಾಡುವದಿದ್ದರೆ ಕುಳಿತೇ, ನಿಂತು ಹಾಡುವದಿದ್ದರೆ ನಿಂತೇ ಅಭ್ಯಾಸ ಮಾಡಬೇಕು. ಮೊದಲು ಮನೆಯವರ ಮುಂದೆ, ಆಮೇಲೆ ಓಣಿಯ ಹತ್ತು ಮಂದಿಯ ಮುಂದೆ, ಅನಂತರ ತರಗತಿಯ ಮುಂದೆ ಹಾಡಿದರೆ ಕಣ್ಣುಗಳ ಭಾರವು ರೂಢಿಯಾಗುತ್ತದೆ. ಅಭ್ಯಾಸದಲ್ಲಿ ತಪ್ಪಾದಾಗ ಮೊದಲಿನಿಂದ ಎತ್ತಿಕೊಳ್ಳುವ ಚಟವನ್ನು ಬಿಡಬೇಕು. ತಪ್ಪಿದಲ್ಲಿಂದ ಮುಂದೆ ಹೋಗುವದನ್ನೇ ಕಲಿಯಬೇಕು. ತಬಲಾದ ಸಮ್ ಯಾರಿಗಾಗಿಯೂ ಕಾಯುವದಿಲ್ಲ. ತನ್ನ ಧ್ವನಿಯನ್ನು ದೂರವಾಣಿಯಲ್ಲಿ ಮುದ್ರಿಸಿ ಕೇಳಿ, “ಇದೇನು, ನನ್ನ ಧ್ವನಿ ಇಷ್ಟು ತೆಳುವೇ?” ಎಂದು ನಿರಾಶರಾಗುವವರುಂಟು. ನಾವು ಹಾಡುವಾಗ ನಮ್ಮ ಧ್ವನಿಯು ಗಾಳಿಯ ಮೂಲಕ ಮಾತ್ರವಲ್ಲದೆ ತಲೆಯ ಎಲುಬುಗಳ ಮೂಲಕವೂ ನಮ್ಮ ಕಿವಿಯನ್ನು ಮುಟ್ಟುತ್ತದೆ. ಎಲುಬಿನ ಮೂಲಕ ಬಂದುದರಲ್ಲಿ ಮಂದ್ರದ ತುಂಬುತನ ಹೆಚ್ಚು. ಮುದ್ರಣದಲ್ಲಿ ಅದು ಇರುವದಿಲ್ಲ. ಆದುದರಿಂದ ಧ್ವನಿಯ ಗುಣವನ್ನು ಕುರಿತು ಕೊರಗದೆ, ಸ್ವರ ಹಾಗೂ ಲಯ ಸರಿಯಿವೆಯೇ ಎಂಬುದನ್ನು ಮಾತ್ರ ಮುದ್ರಣದಿಂದ ಪರೀಕ್ಷಿಸಬೇಕು.

ಇನ್ನು ಧ್ವನಿವರ್ಧಕ. ಇದು ನಮ್ಮ ಹಿರಿಯರ ಬೈಠಕಿನಲ್ಲಿ ಇರಲಿಲ್ಲವಾದುದರಿಂದ ಇದರ ನಡತೆಯನ್ನು ಹೊಸದಾಗಿ ಕಲಿಯಬೇಕಾಗುವದು. ಮೈಕಿಗೂ ಬಾಯಿಗೂ ನಡುವೆ ಸುಮಾರು ನಾಲ್ಕರಿಂದ ಆರು ಬೆರಳಿನ ಅಂತರವಿರಲಿ. ತೀರ ಹತ್ತಿರ ಹೋದರೆ ಮಂದ್ರವು ಉಬ್ಬಿ ಶಬ್ದಗಳು ಗೊಗ್ಗರಾಗುತ್ತವೆ. ದೂರ ಸರಿದರೆ ಧ್ವನಿಗಿಂತ ಸುತ್ತಲಿನ ಗದ್ದಲವೇ ಹೆಚ್ಚಾಗಿ ಕೇಳುತ್ತದೆ. ತಾರಸ್ವರಕ್ಕೆ ಏರುವಾಗ ತುಸು ಹಿಂದೆ ಸರಿಯುವದನ್ನು ಅನುಭವಿಕರು ಬಲ್ಲರು. ಕೆಲವೊಮ್ಮೆ ‘ಕುಂಯ್’ ಎಂಬ ಕರ್ಕಶ ಸಿಳ್ಳು ಏಳುತ್ತದೆಯಷ್ಟೆ. ಕರ್ಣೆಯಿಂದ ಹೊರಟ ಧ್ವನಿಯು ಮತ್ತೆ ಮೈಕನ್ನು ಹೊಕ್ಕು, ದೊಡ್ಡದಾಗಿ ಹೊರಟು, ಮತ್ತೆ ಹೊಕ್ಕು ಸುತ್ತುವದೇ ಅದಕ್ಕೆ ಕಾರಣ. ಅದನ್ನು ಕೇಳಿ ಹಾಡುವವನು ಗಾಬರಿಗೊಂಡು ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿದರೆ ಸಿಳ್ಳು ಇನ್ನೂ ಹೆಚ್ಚಾಗುವದು. ಕರ್ಣೆಗಳು ಹಾಡುವವನಿಗಿಂತ ಮುಂದೆ, ಸಭೆಯ ಕಡೆಗೆ ಮುಖ ಮಾಡಿರಬೇಕು; ಮೈಕು ಅವುಗಳ ಹಿಂದಿರಬೇಕು. ಇಷ್ಟು ನೋಡಿಕೊಂಡರೆ ಬಹುಪಾಲು ತೊಂದರೆ ತಪ್ಪುತ್ತದೆ.

ದೊಡ್ಡ ಸಭಾಗೃಹದಲ್ಲಿ ಮತ್ತೊಂದು ಮೋಸವುಂಟು. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಹಿಂದಿನ ಗೋಡೆ 17 ಮೀಟರು ದೂರದಲ್ಲಿದ್ದರೆ ನಮ್ಮ ಧ್ವನಿಯು ಹೋಗಿ ಬರಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಈ ತಡವಾದ ಧ್ವನಿಯನ್ನು ಕೇಳುತ್ತ ಹಾಡಿದರೆ ಲಯವು ಹಿಂದೆ ಬೀಳುತ್ತದೆ. ಆದುದರಿಂದ ಗೋಡೆಯನ್ನು ಕೇಳಬಾರದು. ಮಗ್ಗುಲಲ್ಲಿರುವ ತಬಲಾವನ್ನೂ ತಂಬೂರಿಯನ್ನೂ ಕೇಳಬೇಕು.

ತಂಬೂರಿಯೆಂದಾಗ ಮಿರಜವನ್ನು ನೆನೆಯದಿರಲಾಗದು. ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದ ಬುರುಡೆಗಳನ್ನು ಒಣಗಿಸಿ, ಮಿರಜದ ಕುಶಲಕರ್ಮಿಗಳು ಮಾಡುವ ತಂಬೂರಿ, ಸಿತಾರಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಇದೇ ಮಿರಜದಲ್ಲಿ ಅಬ್ದುಲ್ ಕರೀಂ ಖಾನ ಸಾಹೇಬರು ನೆಲೆಸಿದ್ದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು; ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ. ಕನ್ನಡ ಮರಾಠಿಗಳೆರಡೂ ಬೆರೆತ ನಮ್ಮ ಈ ನೆಲದ ಮಗ್ಗುಲಲ್ಲಿಯೇ ಇಂತಹ ಪರಂಪರೆ ಹರಿದು ಬಂದಿದೆ.

ಈ ಮಹನೀಯರಿಗೂ ಒಂದು ‘ಮೊದಲ ಸಲ’ ಇತ್ತೆಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಗಂಗೂಬಾಯಿಯವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರಿಗೆ ಹಾಡಿದಾಗ ಅವರಿನ್ನೂ ಹನ್ನೊಂದು ವಯಸ್ಸಿನ ಬಾಲಕಿ. ಹೆಣ್ಣುಮಕ್ಕಳು ಸಭೆಯಲ್ಲಿ ಹಾಡುವದನ್ನು ಸಮಾಜವು ಹಗುರಾಗಿ ಕಾಣುತ್ತಿದ್ದ ಕಾಲವದು. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ಕಂಠವು ಗಂಭೀರವಾಗಿ ಮಾರ್ಪಟ್ಟಿತು. ಆ ಗಂಭೀರ ಕಂಠವನ್ನೇ ಅವರು ತಮ್ಮ ಹಿರಿಮೆಯನ್ನಾಗಿ ಮಾಡಿಕೊಂಡರು. ಗುರುವನ್ನು ಅರಸಿ ಬಾಲ್ಯದಲ್ಲಿಯೇ ಮನೆ ಬಿಟ್ಟ ಭೀಮಸೇನರು ಮೊದಲ ಸಲ ಸಭೆಯಲ್ಲಿ ಹಾಡಿದುದು 1941ರಲ್ಲಿ, ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಮರುವರ್ಷ ಬಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ ಕನ್ನಡದ ಭಕ್ತಿಗೀತೆಗಳೂ ಇದ್ದವು.

ಕುಮಾರ ಗಂಧರ್ವರ ಕಥೆಯಂತೂ ಸೋತವರಿಗೆ ಔಷಧವಿದ್ದಂತೆ. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠರು ಬಾಲ್ಯದಲ್ಲಿಯೇ ಸಭೆಗಳನ್ನು ಗೆದ್ದವರು. ಆದರೆ ಇಪ್ಪತ್ಮೂರರ ತಾರುಣ್ಯದಲ್ಲಿ ಕ್ಷಯರೋಗ ತಗುಲಿತು. 1948ರಲ್ಲಿ ಅವರು ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ನೆಲೆಸಿದರು. ಒಂದು ಶ್ವಾಸಕೋಶವು ನಿರುಪಯುಕ್ತವಾಯಿತು. ವರ್ಷಗಟ್ಟಲೆ ಹಾಡುವದೇ ನಿಂತುಹೋಯಿತು. ಹಾಸಿಗೆ ಹಿಡಿದ ಆ ದಿನಗಳಲ್ಲಿ ಅವರು ಮಾಳವಪ್ರಾಂತದ ಜನಪದಗೀತೆಗಳಿಗೆ ಕಿವಿಗೊಟ್ಟರು. 1953ರಲ್ಲಿ ಅವರು ಮರಳಿ ಸಭೆಯೆದುರಿಗೆ ಕುಳಿತಾಗ ಅದು ಎರಡನೆಯ ‘ಮೊದಲ ಸಲ’ವೇ ಆಗಿದ್ದಿತು. ದೀರ್ಘವಾದ ತಾನಗಳಿಗೆ ಉಸಿರು ಸಾಲದೆಂದು ಅಳದೆ, ಇದ್ದಷ್ಟು ಉಸಿರಿಗೆ ಒಗ್ಗುವ ಚಿಕ್ಕ, ಚುರುಕಾದ ಸ್ವರಪುಂಜಗಳಿಂದಲೇ ಹೊಸ ಗಾಯಕಿಯನ್ನು ಕಟ್ಟಿದರು. ತನ್ನ ಕಂಠಕ್ಕೆ ತಕ್ಕ ಹಾಡು, ತನ್ನ ಉಸಿರಿಗೆ ತಕ್ಕ ನಡೆ ಎಂದು ನಾವು ಮೇಲೆ ಹೇಳಿದ ಸಾಮಾನ್ಯ ಸೂತ್ರವೇ ಆ ಮಹಾಗಾಯಕರಲ್ಲಿ ಇಷ್ಟು ದೊಡ್ಡದಾಗಿ ಬೆಳೆಯಿತೆಂದರೆ ತಪ್ಪಾಗಲಾರದು.

ಹಾಡುವವರಿಗೆ ಇಷ್ಟು ಹೇಳಿದ ಮೇಲೆ ಕೇಳುವವರಿಗೂ ಎರಡು ಮಾತು ಹೇಳಬೇಕು. ಸಭೆಯ ಅರ್ಧಭಾಗ ಕೇಳುಗರದು. ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುತ್ತಾರೆ. ಅವರ ಕನ್ನಡದಲ್ಲಿ ಮರಾಠಿಯ ಬನಿ ಬೆರೆತಿರುವದು ಸ್ವಾಭಾವಿಕ. ಪುಸ್ತಕದ ಕನ್ನಡವನ್ನು ಓದುವಾಗ ತಡವರಿಸುವ ಹುಡುಗಿಯೇ ಅಜ್ಜಿಯ ಪದವನ್ನು ಒಂದಕ್ಷರ ತಪ್ಪದೆ ಹೇಳುವಳು. ಅಂಥವಳು ವೇದಿಕೆಗೆ ಬಂದಾಗ ಅವಳ ಉಚ್ಚಾರಣೆಯನ್ನು ತಿದ್ದಹೋಗುವದು ಅವಿವೇಕ; ನಗುವದಂತೂ ಕ್ರೌರ್ಯ. ತಿದ್ದುವದೇನಿದ್ದರೂ ಮರುದಿನ, ಒಬ್ಬಳೇ ಇದ್ದಾಗ, ಮೊದಲು ಮೆಚ್ಚಿ ಆಮೇಲೆ ತಿದ್ದಬೇಕು. ಮೊದಲ ಸಲ ಹಾಡುವವರಿಗೆ ಬಹುಮಾನದ ಸ್ಪರ್ಧೆಯನ್ನೂ ಇಡಬಾರದೆಂದು ನಮ್ಮ ಅಭಿಪ್ರಾಯ. ಒಬ್ಬನಿಗೆ ಬಹುಮಾನ ಕೊಟ್ಟಾಗ ಒಂಬತ್ತು ಮಂದಿಯನ್ನು ಸೋಲಿಸಿದಂತಾಗುವದು. ಮೊದಲ ಹೆಜ್ಜೆಯಿಡುವ ಕೂಸುಗಳಿಗೆ ಯಾರೂ ಓಟದ ಪಂದ್ಯವನ್ನು ಏರ್ಪಡಿಸುವದಿಲ್ಲ.

ಪಾಲಕರಲ್ಲಿಯೂ ಒಂದು ವಿನಂತಿ. ಸಿನೇಮಾದ ಹಾಡನ್ನು ಮಕ್ಕಳು ಹಾಡಬಾರದೆಂದು ನಾವು ಹೇಳುವದಿಲ್ಲ. ಆದರೆ ಆ ಹಾಡುಗಳನ್ನು ಉಳಿಸಲು ಯಂತ್ರಗಳಿವೆ, ಅಂಗಡಿಗಳಿವೆ. ನಿಮ್ಮ ಮನೆಯ ಹಿರಿಯರ ಬಾಯಲ್ಲಿರುವ ಬೀಸುವ ಪದ, ಸೋಬಾನೆ, ಡೊಳ್ಳಿನ ಹಾಡು, ತತ್ತ್ವಪದಗಳನ್ನು ಉಳಿಸಲು ನಿಮ್ಮ ಮಗುವಿನ ಕಂಠವೊಂದೇ ಇದೆ. ಮೊದಲ ಸಲ ಸಭೆಗೆ ಹೋಗುವ ಮಗುವಿಗೆ ಅವುಗಳಲ್ಲೊಂದನ್ನು ಕಲಿಸಿ ಕಳಿಸಿರಿ. ಹಿರಿಯರನ್ನೂ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂಡ್ರಿಸಿರಿ. ಸಾಲು ಮರೆತರೆ ಎತ್ತಿಕೊಡಲು ಅವರಿಗಿಂತ ಯೋಗ್ಯರು ಯಾರು?

ನಮ್ಮ ಮಾತನ್ನೂ ಪೂರ್ತಿ ಮಾಡಿ ಮುಗಿಸುತ್ತೇವೆ. ಹದಿನಾಲ್ಕು ವರ್ಷಗಳ ಮೇಲೆ ನಾವು ಮತ್ತೆ ಹಾಡಿದುದು ಯಾವ ವೇದಿಕೆಯ ಮೇಲೂ ಅಲ್ಲ. ಓಣಿಯ ಭಜನೆಯ ಕಟ್ಟೆಯ ಮೇಲೆ. ಏಕತಾರಿ ಸುತ್ತಿ ಬಂದು ನಮ್ಮ ಕೈಗೆ ತಲುಪಿದಾಗ, ಅದನ್ನು ಮುಂದಿನವರಿಗೆ ದಾಟಿಸಿ ಬಿಡಬೇಕೆಂದು ನಾವು ಕೈ ಚಾಚಿದ್ದೆವು. ಪಕ್ಕದ ಮುದುಕರು ತೆಗೆದುಕೊಳ್ಳಲಿಲ್ಲ. “ಅವ್ವನ ಪದಾ ಒಂದ ಬರ್ತಿರಬೇಕಲ್ಲೊ ತಮ್ಮಾ, ಅದನ್ನ ಅನ್ನು” ಎಂದರು. ಅಂದು ಅರ್ಧಕ್ಕೆ ಬಿಟ್ಟಿದ್ದ ಅದೇ ಪದವನ್ನು, ಎರಡು ಪಟ್ಟಿ ಇಳಿಸಿ, ಕೊನೆಯವರೆಗೆ ಹೇಳಿದೆವು. ಯಾರೂ ಹೊಗಳಲಿಲ್ಲ, ಮುಂದಿನವರು ಏಕತಾರಿ ತೆಗೆದುಕೊಂಡು ತಮ್ಮ ಪದವನ್ನು ಎತ್ತಿಕೊಂಡರು. ಅಷ್ಟೇ. ಆದರೆ ಪದವು ಪೂರಾ ಆಗಿತ್ತು.

ಈ ವರ್ಷ ನಮ್ಮ ಶಾಲೆಯ ವೇದಿಕೆಯನ್ನು ಏರಲಿರುವ ಪ್ರತಿಯೊಂದು ಮಗುವೂ, ಕಂಠ ಒಡೆದರೂ ಒಡೆಯದಿದ್ದರೂ, ತನ್ನ ಪದವನ್ನು ಪೂರಾ ಹೇಳಿ ಇಳಿಯುವಂತಾಗಲಿ. ಅದು ಪೂರಾ ಆಗುವವರೆಗೆ ಕೇಳುವ ಸೌಜನ್ಯವು ನಮಗೆಲ್ಲರಿಗೂ ಇರಲಿ.